ಬುಧುವಾನ ಜ್ವರ

ಭಾನುವಾರವೂ ಬರಬೇಕು. ಇವಕ್ಕೆ ರಜೆಯಿಲ್ಲ.
ತಟ್ಟೆಯಲ್ಲಿ ತೆಳ್ಳಗೆ ಹರಡಿದ ರಕ್ತ,
ಮೇಲೆ ನಿಂತ ಹಳೆ ನೀರು ಬಗ್ಗಿಸಿ
ಹೊಸ ಗಂಜಿ ಹೊಯ್ಯಬೇಕು.
ಗಂಜಿಯಲ್ಲ ಸುಲಭಾ, ಮೀಡಿಯಂ ಅನ್ನು,
ನಗುತ್ತಾರೆ ಡಾಕ್ಟರು.

ಗಾಜಿನ ಜಾಡಿಯಲ್ಲಿ ತಟ್ಟೆ ಇಟ್ಟು
ಪಕ್ಕಕ್ಕೊಂದು ಮೇಣದಬತ್ತಿ ಹಚ್ಚಿ
ಮುಚ್ಚಳ ಎಳೆಯುತ್ತೇನೆ.
ಉರಿ ಸಣ್ಣಗಾಗಿ, ನೀಲಿಯಾಗಿ, ನಂದುವ ಹೊತ್ತಿಗೆ
ಒಳಗಿನ ಗಾಳಿ ಅವಕ್ಕೆ ಹಿತ.
ಕೊಲ್ಲಲಿಕ್ಕೆಂದು ಸಾಕುವುದಕ್ಕೂ
ಇಷ್ಟು ಉಪಚಾರ ಬೇಕು.

ಸೂಕ್ಷ್ಮದರ್ಶಕದಡಿ, ಕೆಂಪು ಕಣದೊಳಗೆ
ಹರಳು ಕೂರಿಸಿದ ಉಂಗುರ.
ಮೊದಲ ಸಲ ಕಂಡಾಗ ಎಷ್ಟು ಚಂದ ಅಂದುಬಿಟ್ಟೆ;
ಆಮೇಲೆ ನಾಚಿಕೆಯಾಯಿತು.

ಸುಂಕೇರಿ ಸೇತುವೆಯಾಚೆ, ಕಾಳಿ ಇಳಿತದ ಹೊತ್ತು
ಬಳಚು ಬಗೆಯುವ ನಾಗವೇಣಿ ಖಾರ್ವಿ
ಕಲ್ಲಿಗಂಟಿದ ಸ್ಪಂಜು ಕಿತ್ತು ತರುತ್ತಾಳೆ.
"ಇದನ್ನ ಮೀನೂ ಮೂಸೂದಿಲ್ಲ."
ಅದಕ್ಕೇ ನಮಗೆ ಬೇಕು, ಅನ್ನುತ್ತಾರೆ ಡಾಕ್ಟರು.
ಅರೆದು, ಸೋಸಿ, ಬತ್ತಿಸಿ
ಇನ್ನೂರಾ ಹನ್ನೆರಡು ಸೀಸೆ.
ಇನ್ನೂರಾ ಹನ್ನೊಂದಕ್ಕೆ ಉಂಗುರ ಜಗ್ಗಲಿಲ್ಲ.
ಒಂದಂತೂ ರೋಗ ಬಿಟ್ಟು ರಕ್ತವನ್ನೇ ಕೊಂದಿತು.

ರಿಜಿಸ್ಟರಿನಲ್ಲಿ ಈ ತಳಿಯ ಹೆಸರು ಕೆ-೧೯.
ಅಷ್ಟೇ ಬರೆಯಬೇಕು, ನಿಯಮ.
ಆದರೆ ಅಂದು ಸೂಜಿ ಹಿಡಿದವಳು ನಾನು.
ಏಳು ವರ್ಷದ ಹಿಂದೆ ಬೈತಖೋಲ ಬಂದರಿನಿಂದ
ಪರ್ಸೀನ್ ಬೋಟಿನವರು ಹೊತ್ತು ತಂದಿದ್ದರು,
ಬುಧುವಾ ಲಕ್ಡಾ, ರಾಂಚಿ ಕಡೆಯವ.
ಮೇ ತಿಂಗಳ ಮಧ್ಯಾಹ್ನ, ಮೂರು ಕಂಬಳಿ,
ಮಂಚವೇ ಕಟಕಟ ಅನ್ನುವ ಚಳಿ.
ಎಷ್ಟು ತೆಗೀತೀರಿ, ಹಿಂದಿಯಲ್ಲಿ ಕೇಳಿದ.
ಒಂದು ಚಮಚ, ಅಂದೆ.
ರುಜು ಹಾಕುವಾಗ ಕೈ ನಡುಗಿ
ಹೆಸರಿನ ಕೊನೆ ಕಾಗದ ದಾಟಿ ಮೇಜಿಗೆ ಹೋಯಿತು.

ವಾರದಲ್ಲಿ ಗುಣವಾಗಿ ಬೋಟು ಹತ್ತಿದ.
ಈಗ ಎಲ್ಲಿದ್ದಾನೋ.
ಅವನು ಬಿಟ್ಟುಹೋದ ಜ್ವರ ಮಾತ್ರ ಇಲ್ಲೇ
ಊರವರು ಕೊಟ್ಟ ರಕ್ತ ಉಣ್ಣುತ್ತ
(ಹೋದ ತಿಂಗಳು ನನ್ನದೂ ಒಂದು ಬಾಟಲಿ)
ಎರಡು ದಿನಕ್ಕೊಮ್ಮೆ ಒಡೆದು ಹೆಚ್ಚುತ್ತ,
ನಡುಗಿಸಲಿಕ್ಕೆ ಮೈಯೇ ಇಲ್ಲವೆಂಬುದು
ಗೊತ್ತಿಲ್ಲದೆ.

ಇನ್ನೂರಾ ಹನ್ನೆರಡರ ತಟ್ಟೆ ಇಂದು ನೋಡಿದೆ.
ನೂರರಲ್ಲಿ ಅರವತ್ತು ಉಂಗುರ ಮುದುಡಿ
ಕರಿ ಎಳ್ಳಿನಂಥ ಚುಕ್ಕೆ.
ಮತ್ತೆ ಎಣಿಸಿದೆ. ಅರವತ್ತೊಂದು.
ಫೋನಿನಲ್ಲಿ ಡಾಕ್ಟರು ಒಂದುಸಿರು ಸುಮ್ಮನಿದ್ದು
"ಇನ್ನೂ ಮೂರು ಸಲ ಮಾಡು" ಅಂದರು.

ಔಷಧ ಸೋಕದ ತಟ್ಟೆಗೆ ಊಟ ಹಾಕಿ
ಬತ್ತಿ ಹಚ್ಚಿದೆ.
ಅದು ತನ್ನ ಗಾಳಿ ಕುಡಿದು ಮುಗಿಸುವವರೆಗೆ
ಅಲ್ಲೇ ನಿಂತಿದ್ದೆ, ಯಾಕೋ.
ಆಮೇಲೆ ರಿಜಿಸ್ಟರು ತೆಗೆದು ಬರೆದೆ:
ಕೆ-೧೯. ಆರೋಗ್ಯವಾಗಿದೆ.