ಹದಿನೈದು ಪಿಕೊಫ್ಯಾರಡ್

ಬೊಸ್ತ್ಯಾಂವ್ ತಂದಿಟ್ಟ ಪೆಟ್ಟಿಗೆಯಲ್ಲಿ ಅರ್ಧ ಸಮುದ್ರವಿತ್ತು.
ಸ್ಕ್ರೂ ತಿರುಗಿಸಿದರೆ ಉಪ್ಪು ಉದುರಿತು,
ಬಂಗುಡೆಯ ಒಂದು ಹುರುಪೆ,
ಒಂದು ಸತ್ತ ಜಿರಲೆ, ಅದರ ಸಂಸಾರ.
"ಬುಧವಾರ ನಸುಕಿಗೆ ದೋಣಿ" ಅಂದ, ಬೀಡಿ ಆರಿಸಿ.
"ಬಾಯಿ ಇದೆ, ಕಿವಿ ಇಲ್ಲ. ನನ್ನದು ಎಲ್ಲರಿಗೂ ಕೇಳುತ್ತೆ,
ನನಗೆ ಯಾರದ್ದೂ ಇಲ್ಲ."

ಹಗಲು ನಾನು ಬಂದರಿನ ಕ್ರೇನಿಗೆ ಎಲೆಕ್ಟ್ರಿಶಿಯನ್.
ನಾನೂರು ವೋಲ್ಟು, ತೋಳು ಗಾತ್ರದ ಕೇಬಲ್ಲು,
ಅಲ್ಲಿ ತಪ್ಪು ತಾನೇ ಹೇಳಿಕೊಳ್ಳುತ್ತದೆ, ಢಂ ಅಂತ.
ರಾತ್ರಿ ಬೈನಾದ ಬಾಡಿಗೆ ಖೋಲಿಯಲ್ಲಿ
ಅಕ್ಕಿ ಡಬ್ಬದ ಪಕ್ಕ ಆಸಿಲೋಸ್ಕೋಪು,
ಗುಜರಿಯಲ್ಲಿ ತೂಕಕ್ಕೆ ಕೊಂಡದ್ದು, ಹನ್ನೊಂದು ಕಿಲೊ.
ಬಿಸಿಯಾಗಲು ಹೊತ್ತು ಬೇಕು, ಮುದುಕರ ಮೊಣಕಾಲಿನ ಹಾಗೆ;
ಆಮೇಲೆ ಒಂದು ಹಸಿರು ಗೆರೆ,
ಈಗಷ್ಟೇ ಸಾರಿಸಿದ ನೆಲದಂತೆ ಸಪಾಟು.

ಸ್ಪೀಕರಿನಿಂದ ಹಿಂದಕ್ಕೆ ಹೊರಟೆ.
ಧ್ವನಿಯ ಘಟ್ಟ ಸರಿ, ಬೆರಳಿಟ್ಟರೆ ಗುಂಯ್ ಅಂದಿತು.
ನಾನೂರ ಐವತ್ತೈದು ಕಿಲೊಹರ್ಟ್ಸಿನ ಡಬ್ಬಿಗಳು
ಬಣ್ಣದ ಟೋಪಿ ಹಾಕಿ ಪಂಕ್ತಿಗೆ ಕೂತಿವೆ,
ಎಲೆ ಹಾಕಿದೆ, ಬಡಿಸುವವನಿಲ್ಲ.
ಅದಕ್ಕೂ ಹಿಂದೆ ಮಿಕ್ಸರು:
ಆಂಟೆನಾದಿಂದ ಒಂದು ಅಲೆ ಬರಬೇಕು, ಹರಳಿನಿಂದ ಒಂದು,
ಎರಡರ ನಡುವಿನ ವ್ಯತ್ಯಾಸವೇ ಮುಂದಿನವರ ಊಟ.
ಹರಳಿನ ಬುಡಕ್ಕೆ ಪ್ರೋಬ್ ಇಟ್ಟೆ.

ಇಪ್ಪತ್ತಕ್ಕೇ ಸುಸ್ತಾಗುವ ಸ್ಕೋಪಿಗೆ ಇಪ್ಪತ್ತಾರೂವರೆ ಮೆಗಾಹರ್ಟ್ಸು
ಚಾಳೀಸು ಇಲ್ಲದೆ ಓದಿದ ಪತ್ರ; ಆದರೂ
ಮಸುಕಾಗಿ, ಗಿಡ್ಡವಾಗಿ, ಅಲೆ ಇತ್ತು.
ಸ್ಪೀಕರಿನಲ್ಲಿ ಯಾರೋ ಮಂಜುಗಡ್ಡೆಯ ದರ ಕೇಳುತ್ತಿದ್ದರು.

ಏನೂ ಮಾಡದೆ ರಿಪೇರಿ!
ಪ್ರೋಬ್ ತೆಗೆದು, ಮುಚ್ಚಳ ಹಾಕಿ, ನಾಲ್ಕೂ ಸ್ಕ್ರೂ ಬಿಗಿದು
ಕೈ ಒರೆಸಿಕೊಂಡೆ. ಪೆಟ್ಟಿಗೆ ಮತ್ತೆ ಕಿವುಡು.
ಬಿಚ್ಚಿದೆ. ಪ್ರೋಬ್ ಇಟ್ಟೆ: ಮಾತು.
ತೆಗೆದೆ: ಇಲ್ಲ.
ಡಾಕ್ಟರ ಮುಂದೆ ಮಾತ್ರ ಜ್ವರ ಬಿಡುವ ಹುಡುಗ.
ಮೂರು ಸಲ ಮುಚ್ಚಿದೆ, ಮೂರು ಸಲ ಬಿಚ್ಚಿದೆ,
ಒಂದು ಸ್ಕ್ರೂ ಮಂಚದ ಕೆಳಗೆ ಉರುಳಿ ಇವತ್ತಿಗೂ ಅಲ್ಲೇ ಇದೆ.
ಟಾರ್ಚು ಹಿಡಿದು ಕೈಸೋತ ಅಕ್ಕನ ಮಗಳು ದಾನೇಶ್ವರಿ
ಆಕಳಿಸಿ ಅಂದಳು:
"ಮಾಮಾ, ಆ ಕಡ್ಡಿ ತಗೀಬ್ಯಾಡ. ಅದರ ಜೋಡಿನ ಕೊಟ್ಟ ಕಳಸು."

ನಕ್ಕೆ. ಅರ್ಧ ನಗೆಯಲ್ಲೇ ನಿಂತೆ.
ಪ್ರೋಬಿನ ಹಿಡಿಯ ಮೇಲೆ, ಇರುವೆಯಂಥ ಅಕ್ಷರದಲ್ಲಿ,
ಇಷ್ಟು ವರ್ಷ ಓದಿಯೂ ಓದದ್ದು:
ಹದಿನೈದು ಪಿಕೊಫ್ಯಾರಡ್.
ನಾನು ಬರೀ ನೋಡುತ್ತಿದ್ದೇನೆ ಅಂದುಕೊಂಡಿದ್ದೆ.
ನೋಡುವುದಕ್ಕೂ ಒಂದು ತೂಕ;
ಇಲ್ಲಿ ಯಾರದೋ ಖಾಲಿ ಜಾಗದಲ್ಲಿ
ನನ್ನ ಕಡ್ಡಿ ಬದಲಿ ಆಳಾಗಿ ದುಡಿಯುತ್ತಿತ್ತು.

ಯಾರದು? ಭೂತಗನ್ನಡಿ ತಂದೆ.
ಹರಳಿನ ಮಗ್ಗುಲಲ್ಲಿ ಕಡಲೆಬೇಳೆಯಷ್ಟು ಕೆಪಾಸಿಟರು,
ಮೈ ನೆಟ್ಟಗಿದೆ, ಬಣ್ಣ ಹೋಗಿಲ್ಲ, ಹಾಜರಿ ಪಕ್ಕಾ.
ಇಕ್ಕಳದಿಂದ ಮುಟ್ಟಿದರೆ ತಲೆದೂಗಿತು:
ಉಪ್ಪು ಒಂದು ಕಾಲನ್ನು ಬೆಸುಗೆಯೊಳಗೇ ತಿಂದು ಮುಗಿಸಿತ್ತು.
ಬಿದ್ದಿದ್ದರೆ ಗೊತ್ತಾಗುತ್ತಿತ್ತು. ಬೀಳಲಿಲ್ಲ, ಅದೇ ತೊಂದರೆ.

ಹೊಸದಕ್ಕೆ ಒಂದು ರೂಪಾಯಿ. ಬೆಸುಗೆಯ ಹೊಗೆಗೆ ದಾನಿ ಸೀನಿದಳು.
"ರೂಪಾಯಿ ಸಾಮಾನಿಗೆ ಮುನ್ನೂರಾ?" ಅಂದ ಬೊಸ್ತ್ಯಾಂವ್.
ಇನ್ನೂರು ಕೊಟ್ಟ, ಉಳಿದದ್ದಕ್ಕೆ ಶಿಲುಬೆಯ ಮೇಲೆ ಆಣೆ ಹಾಕಿದ.

ಗುರುವಾರ ರಾತ್ರಿ ನನ್ನದೇ ಸೆಟ್ಟು ಹಚ್ಚಿ
ಸ್ಪೀಕರಿನ ತಂತಿಗೆ ಪ್ರೋಬ್ ಸಿಕ್ಕಿಸಿ ಕೂತೆ.
ಹನ್ನೊಂದರ ಹೊತ್ತಿಗೆ ಬಂದ,
ಬೇತುಲ್ ಆಚೆಯ ಎಲ್ಲೋ ಕತ್ತಲಿಂದ,
ತನ್ನ ಬಲೆಯ ಮೇಲೆ ಹಾದುಹೋದ ಯಾವುದೋ ಟ್ರಾಲರನ್ನು
ಅವರಜ್ಜನಿಂದ ಹಿಡಿದು ಬೈಯುತ್ತ.
ಆ ಕಡೆಯ ಉತ್ತರ ಅವನಿಗೆ ಚೆನ್ನಾಗೇ ಕೇಳಿಸಿರಬೇಕು,
ಎರಡನೆಯ ಬೈಗುಳ ಮೊದಲನೆಯದಕ್ಕಿಂತ ಉದ್ದವಿತ್ತು.
ಪರದೆ ತುಂಬ ಹಸಿರು ದಿಣ್ಣೆಗಳು,
ದುಂಡಗೆ, ನೆತ್ತಿ ಎಲ್ಲೂ ಚಪ್ಪಟೆಯಾಗದೆ.