ಯಾರ ಕೆಂಪು

ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಗಾಳಿಗೂ ಸೀನು.
ಪ್ರಯೋಗಾಲಯದ ಕಿಟಕಿಗೆ ಎರಡು ಪದರ ಪರದೆ ಬಿಟ್ಟಿದ್ದೇನೆ,
ಆದರೂ ತಕ್ಕಡಿಯ ತಟ್ಟೆಯ ಮೇಲೆ
ತೂಕಕ್ಕೆ ಸಿಗದಷ್ಟು ಕೆಂಪು ಧೂಳು
ದಿನವೂ ಬಂದು ಕೂತಿರುತ್ತದೆ.

ಚಿಟಿಕೆಗಿಂತ ಕಡಿಮೆ ಪುಡಿ. ಅಸಿಟೋನು.
ಬುಡ್ಡಿಗೆ ಬಿರಡೆ ಬಿಗಿದು ಹದಿನಾರು ತಾಸು ಕತ್ತಲು.
ಮರುದಿನ ಬೆಳಕು ಹಾಯಿಸಿ, ನೀಲಿಯಲ್ಲಿ
ಎಷ್ಟು ಹೊರಬರಲಿಲ್ಲ ಎಂದು ನೋಡುವುದು.
ಇಷ್ಟೇ ನನ್ನ ನೌಕರಿ:
ಮೆಣಸಿನಕಾಯಿ ನುಂಗಿದ್ದನ್ನು ಅಂಕಿಯಲ್ಲಿ ಬರೆಯುವುದು.

ನಕ್ಷತ್ರಕ್ಕೂ ಹೀಗೇ ಮಾಡುತ್ತಾರೆ.
ಧಾರವಾಡದ ತರಗತಿಯಲ್ಲಿ ನೋಡಿದ್ದೆ,
ಬಣ್ಣದ ಪಟ್ಟಿಯ ನಡುವೆ ಕೂದಲೆಳೆಯ ಕಪ್ಪು ಗೆರೆಗಳು.
ಇಲ್ಲಿ ಸೋಡಿಯಂ, ಅಲ್ಲಿ ಕಬ್ಬಿಣ.
ಯಾರೂ ಹೋಗಿ ಮುಟ್ಟಿ ಬಂದಿಲ್ಲ.
ಬಾರದ ಬೆಳಕೇ ಸಾಕ್ಷಿ.

ಮುರಿಗೆಪ್ಪ ಶೆಟ್ಟರಿಗೆ ಸಾಕ್ಷಿ ಬೇಡ, ದರ ಬೇಕು.
ನೂರೈವತ್ತು, ಹೆಚ್ಚುಕಡಿಮೆ ನಾಲ್ಕು, ಎಂದು ಬರೆದರೆ
"ಹೆಚ್ಚುಕಡಿಮಿ ನೀವ ಇಟಗೋರಿ, ನನಗ ಒಂದ ನಂಬರ್ ಕೊಡ್ರಿ."
ಖಗೋಳದವರು ಮಾತ್ರ ವಿಶ್ವದ ವಯಸ್ಸಿಗೂ
ಪಕ್ಕದಲ್ಲಿ ಹೆಚ್ಚುಕಡಿಮೆ ಬರೆಯುತ್ತಾರೆ.
ಅವರ ಸರಕಿಗೆ ಗುರುವಾರದ ಟೆಂಡರು ಇಲ್ಲ.

ರಾತ್ರಿ ಫೋನಿನಲ್ಲಿ ಗೆಲಾಕ್ಸಿಗಳು ಬರುತ್ತವೆ.
ಎಲ್ಲೋ ದೂರದರ್ಶಕ ಹಿಡಿದ ಲಕ್ಷ ಚಿತ್ರ,
ನನ್ನಂಥವರು ಕಣ್ಣಿಂದ ನೋಡಿ
ಆಕಾರ ಗುರುತಿಸಿ ಕಳಿಸಬೇಕು. ಸಂಬಳ ಇಲ್ಲ.

ದಾವಲಬಿ, ತೊಟ್ಟು ಬಿಡಿಸುವ ಪಾಳಿ ಮುಗಿಸಿ
ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಬಗ್ಗಿ ನೋಡಿದಳು.
"ಡಬ್ಬಿ. ಕಡ್ಡಿ. ಇದೂ ಡಬ್ಬಿ.
ಇದಕ್ಕ ತೊಟ್ಟು ಹಂಗ ಉಳದೈತಿ ನೋಡ್ರಿ ಬಾಯಾರ."
ಹೌದು, ಉಳಿದಿತ್ತು.
ಪಕ್ಕದ ಗೆಲಾಕ್ಸಿ ಎಳೆದು ಬಿಟ್ಟ ಬಾಲ,
ನಾನು ಧೂಳೆಂದು ದಾಟಿಸಿದ್ದೆ.

"ಎಲ್ಲಾ ಇಷ್ಟ್ಯಾಕ ಕೆಂಪ?"
ದೂರದವು, ಎಂದೆ. ಆ ಕಪ್ಪು ಗೆರೆಗಳೆಲ್ಲ ಒಟ್ಟಿಗೇ
ಕೆಂಪಿನ ಕಡೆ ಸರಿದಿವೆ. ಈ ಕೆಂಪು ಅವುಗಳದ್ದಲ್ಲ.
ಬರುವಾಗ ದಾರಿ ಹಿಗ್ಗಿತು,
ದಾರಿಯಲ್ಲಿದ್ದ ಬೆಳಕೂ ಹಿಗ್ಗಿತು.
"ಅಂದ್ರ ನಮ್ಮನ್ನ ಬಿಟ್ಟು ಹೊಂಟಾವು?"
ನಮ್ಮನ್ನೊಬ್ಬರನ್ನೇ ಅಲ್ಲ.
ಎಲ್ಲವೂ ಎಲ್ಲವನ್ನೂ.
ಅವಳು ಸ್ವಲ್ಪ ಹೊತ್ತು ಬೆರಳುಗಳನ್ನು ನೋಡಿಕೊಂಡಳು.
"ಹಂಗಾರ ಸಿಟ್ಟ ಮಾಡೂದು ಯಾರ ಮ್ಯಾಲ?"

ಅವುಗಳಿಗಿಂತ ಹಿಂದೆ?
ಹಿಂದೆ ಗಿರಣಿ, ಎಂದೆ, ಖಾರ ಕುಟ್ಟುವ ಕೋಣೆ.
ಬೆಳಕಿತ್ತು, ಆದರೆ ಒಂದು ಗೇಣು ನಡೆಯುವಷ್ಟರಲ್ಲಿ
ಯಾವುದಾದರೂ ಕಣಕ್ಕೆ ಎಡವುತ್ತಿತ್ತು.
ಲಕ್ಷಾಂತರ ವರ್ಷ ಅದೇ ಘಾಟು.
ಆಮೇಲೆ ತಣಿಯಿತು, ಕಣ ಕಣ ಜೋಡಿಯಾಯಿತು,
ಬಾಗಿಲು ತೆರೆದ ಹಾಗೆ ತಿಳಿಯಾಯಿತು.
ಅವತ್ತು ಹೊರಟ ಬೆಳಕು ಇವತ್ತೂ ಬರುತ್ತಿದೆ,
ಕಣ್ಣಿಗೆ ಕಾಣದಷ್ಟು ಹಿಗ್ಗಿ.
ಅದರಾಚೆಗೆ ಯಾವ ದೂರದರ್ಶಕವೂ ನೋಡಲಾರದು.
"ಒಳಗ ಕುಟ್ಟಾವ ಯಾರು?"
ನನ್ನ ಬಳಿ ಅದಕ್ಕೆ ಅಂಕಿ ಇಲ್ಲ.
ಹೆಚ್ಚುಕಡಿಮೆಯೂ ಇಲ್ಲ.

ಕರೆಂಟು ಹೋಯಿತು. ಶೀತಲಗೃಹದ ಜನರೇಟರು
ಕೆಮ್ಮಿ ಎದ್ದೇಳುವ ತನಕ
ಪೇಟೆಯ ಮೇಲೆ ಪೂರ್ತಿ ಆಕಾಶ.
ನಡುನೆತ್ತಿಯಲ್ಲಿ ರೋಹಿಣಿ.
"ಇದೂ ಕೆಂಪ. ಇದು ಯಾರದು?"

ಇದರದ್ದೇ. ಇದು ಹತ್ತಿರದ್ದು, ದಾರಿಯ ಸಾಲ ಇಲ್ಲ.
ಬಿಳಿ ನಕ್ಷತ್ರ ಕೊತಕೊತ ಕುದಿಯುತ್ತದೆ,
ಕೆಂಪು ತಣ್ಣಗಿನದು. ಜನ ನಂಬುವುದಿಲ್ಲ, ಎಂದೆ,
ಕೆಂಪು ಅಂದರೆ ಉರಿ ಅಂದುಕೊಳ್ಳುತ್ತಾರೆ.

ದಾವಲಬಿ ನಕ್ಕ ನಗೆಗೆ ಚೀಲದ ಮೇಲಿನ ಬೆಕ್ಕು ಎದ್ದು ಹೋಯಿತು.
"ಬಣ್ಣ ಇದ್ದದ್ದರಾಗ ಖಾರ ಇರೂದಿಲ್ಲಂತ
ಬ್ಯಾಡಗ್ಯಾಗ ಹೇಳ್ತೀರೇನ್ರಿ ಬಾಯಾರ?"