ಅಳತೆ ಬಟ್ಟೆ

ಹಾಸನದ ಸಂತೆಪೇಟೆಯಲ್ಲಿ ನನ್ನದು
ಎರಡು ಮಿಷನ್ನಿನ ಅಂಗಡಿ. ಜೂನ್ ಬಂತೆಂದರೆ
ಕಾಲೇಜುಗಳೆಲ್ಲ ಥಾನುಗಳಾಗಿ ಬಂದು ಬೀಳುತ್ತವೆ ಮೇಜಿನ ಮೇಲೆ.
ಹೆಸರು ಹೇಳಿದರೆ ಗೊತ್ತಾಗುವುದಿಲ್ಲ ನನಗೆ,
ಬಣ್ಣ ಹೇಳಿ.

ಬೂದಿ ಬಣ್ಣದ್ದು ರಿಂಗ್ ರೋಡಿನ ಆಚೆ.
ಎರಡನೇ ವರ್ಷಕ್ಕೆ ಹುಡುಗಿಯರು ಚೂಡಿದಾರ್ ತಂದು
ಸೈಡ್ ಹಿಡೀರಿ ಆಂಟಿ ಅನ್ನುತ್ತಾರೆ, ಎರಡೆರಡು ಇಂಚು.
ಹಾಸ್ಟೆಲ್ಲಿನ ಊಟ ಹೇಗೆಂದು
ಯಾರನ್ನೂ ಕೇಳಬೇಕಿಲ್ಲ ನಾನು.

ತಿಳಿನೀಲಿಯಲ್ಲಿ ಶಿಸ್ತು ಜಾಸ್ತಿ:
ಮೊಣಕಾಲಿಗಿಂತ ಎಷ್ಟು ಕೆಳಗೆಂದು ಚೀಟಿ ಬರುತ್ತದೆ,
ಪ್ರಿನ್ಸಿಪಾಲರ ಸಹಿ, ಸೀಲು ಸಮೇತ.
ಪಾಠದ ವಿಷಯ ಚೀಟಿಯಲ್ಲಿ ಇರುವುದಿಲ್ಲ.

ನರ್ಸಿಂಗಿನ ಬಿಳಿ ಕೋಟಿಗೆ
ಜೇಬನ್ನು ಎರಡು ಸಾರಿ ಹೊಲಿಯಬೇಕು,
ಏನು ತುರುಕುತ್ತಾರೋ, ವರ್ಷ ತುಂಬುವ ಮೊದಲೇ ಕಿತ್ತು ಬರುತ್ತದೆ.
ಒಬ್ಬಳ ಜೇಬಿನಲ್ಲಿ ಸಿಕ್ಕಿದ್ದು ಅರ್ಧ ರೊಟ್ಟಿ,
ಮಡಿಸಿದ ಬಸ್ ಪಾಸು,
ಯಾರದೋ ಜ್ವರ ಬರೆದಿಟ್ಟ ಕಾಗದ.
ಆ ಕಾಲೇಜು ನನಗಿಷ್ಟ.

ಈ ವರ್ಷ ನಮ್ಮ ಇಂಪನಾಳ ಸರದಿ.
ರ‍್ಯಾಂಕು ಬಂತು, ಐದಂಕಿಯದು,
ಕೇಳಿದವರು ‘ಪರವಾಗಿಲ್ಲ’ ಅನ್ನುವಂಥದ್ದು.
ಕಟಿಂಗಿನ ಕಂದು ಕಾಗದ ತಿರುಗಿಸಿ
ಸೀಮೆಸುಣ್ಣದಲ್ಲಿ ಪಟ್ಟಿ ಬರೆದರು ಇವರು.
ಬರೆದದ್ದಕ್ಕಿಂತ ಉಜ್ಜಿದ್ದೇ ಹೆಚ್ಚು.
ಜಬೀವುಲ್ಲಾನ ಸೈಬರಿನಲ್ಲಿ ಬಾಗಿಲಾಚೆಗೂ ಕ್ಯೂ.
“ಆಪ್ಶನ್ ಎಷ್ಟು ಹಾಕಿದ್ರೂ ದುಡ್ಡಿಲ್ಲ ಅಕ್ಕ, ಹಾಕಿ ಹಾಕಿ”
ಅನ್ನುತ್ತಾನೆ, ಮದುವೆ ಪಂಕ್ತಿಯಲ್ಲಿ ಸಾರು ಬಡಿಸುವವನ ಹಾಗೆ.

ಶನಿವಾರ ಅಂಗಡಿ ಮುಚ್ಚಿ ನೋಡಲು ಹೋದೆವು.
ಇವರು ನೋಡಿದ್ದು ಗೇಟು, ಗೇಟಿನ ಬ್ಯಾನರಿನಲ್ಲಿ
ಕೆಲಸ ಸಿಕ್ಕಿದವರ ಫೋಟೋ.
ನಾನು ನೋಡಿದ್ದು ಅವರ ಭುಜ:
ಹನ್ನೆರಡು ಮುಖಕ್ಕೂ ಒಂದೇ ಕೋಟು, ಒಂದೇ ಟೈ,
ಒಬ್ಬರಿಗೂ ಸರಿಯಾಗಿ ಕೂತಿರಲಿಲ್ಲ.
ಇಂಪನಾ ನೋಡಿದ್ದು ನೆಲ.
ಮೆಟ್ಟಿಲ ಚಪ್ಪಡಿಯಲ್ಲೇನೋ ಮಿಂಚುತ್ತಿದೆಯೆಂದು
ಕುಕ್ಕರುಗಾಲಲ್ಲಿ ಕೂತವಳು
ಆಫೀಸಿನವರು ಫೀಸು ಹೇಳುವಾಗಲೂ ಎದ್ದಿರಲಿಲ್ಲ.

ವಾಪಸು ಬಸ್ಸಿನಲ್ಲಿ, ಟಿಕೆಟ್ಟನ್ನು ಚೂರುಚೂರು ಮಾಡುತ್ತಾ:
“ಕಲ್ಲು ಓದ್ತೀನಮ್ಮ. ಭೂಮಿ ಒಳಗಿಂದು. ಮೈಸೂರಲ್ಲಿ ಇದೆಯಂತೆ.”

ಇವರು ಕಿಟಕಿ ಕಡೆ ತಿರುಗಿದರು,
ಶಾಂತಿಗ್ರಾಮ ದಾಟುವವರೆಗೂ ತಿರುಗಿಯೇ ಇದ್ದರು.
ಆಮೇಲೆ, “ಕಲ್ಲು ನೋಡೋಕೆ ಕಾಲೇಜ್ ಯಾಕೆ,
ಬೇಲೂರು ಬಸ್ ಹತ್ತಿದ್ರೆ ಸಾಲದಾ?”
ಅವಳು ನಕ್ಕಳು. ಅವರೂ, ಸ್ವಲ್ಪ.

ನಾನು ಕೇಳಿದ್ದು ಒಂದೇ. ಯೂನಿಫಾರ್ಮ್ ಯಾವ ಬಣ್ಣ?

ಇಲ್ಲವಂತೆ.

ಇಪ್ಪತ್ತೊಂದು ವರ್ಷ ಆಡಿದ ಕತ್ತರಿ ಅಲ್ಲಿಗೆ ನಿಂತಿತು.
ಬಣ್ಣವೇ ಇಲ್ಲದ ಕಾಲೇಜಿನ ಒಳಗೇನಿದೆಯೆಂದು
ಹೇಗೆ ತಿಳಿಯಲಿ?
ಅಲ್ಲಿ ಯಾರ ಸೈಡು ಸಡಿಲವಾಯಿತು, ಯಾರ ಜೇಬು ಕಿತ್ತಿತು,
ಆ ಕಡೆಯ ಒಂದು ಅಳತೆ ಬಟ್ಟೆಯೂ
ನನ್ನ ಅಂಗಡಿಗೆ ಬಂದಿಲ್ಲ.

ಜಬೀವುಲ್ಲಾ ಶಟರು ಅರ್ಧ ಎಳೆದಮೇಲೆ ನಮ್ಮ ಪಾಳಿ.
ಕಲ್ಲಿಗೆ ಬೇರೆ ಅರ್ಜಿ, ಬೇರೆ ಪಾಸ್‌ವರ್ಡು.
ಹಳೆಯ ಪಟ್ಟಿಯಲ್ಲಿ ನರ್ಸಿಂಗ್ ಒಂದನ್ನು ಉಳಿಸಿದಳು,
ಅದು ನನಗೋಸ್ಕರ, ಗೊತ್ತು.

ಮನೆಗೆ ಬಂದು, ನಿಲ್ಲಿಸಿ, ಟೇಪು ಹಿಡಿದೆ.
ಅಲ್ಲಿ ಏನು ಹಾಕ್ಕೋತಾರೆ?
“ಏನಾದ್ರೂ. ಜೇಬಿದ್ರೆ ಸಾಕು.”
ಎಷ್ಟು ದೊಡ್ಡದು?
“ಕಲ್ಲು ಹಿಡಿಯೋಷ್ಟು.”

ದೊಡ್ಡ ಕಾಗದ ಇದ್ದದ್ದು ಅದೊಂದೇ.
ಪಟ್ಟಿಯ ಮೇಲೇ ಪ್ಯಾಂಟಿನ ಗುರುತು ಹಾಕಿದೆ,
ಮೂರನೆಯ ಕಾಲೇಜಿನ ನಟ್ಟನಡುವೆ ಹೋಯಿತು ಕತ್ತರಿ.
ಸೊಂಟ ಇಪ್ಪತ್ತಾರು.
ಒಳಗೆ ಎರಡಿಂಚು ಬಿಟ್ಟಿದ್ದೇನೆ,
ಬಿಚ್ಚಲೂಬಹುದು, ಹಿಡಿಯಲೂಬಹುದು.
ಎರಡನೇ ವರ್ಷಕ್ಕೆ ತರಲಿ, ನೋಡೋಣ.